ದುರ್ಬೀನಮ್ಮ ತನ್ನ ತಪ್ಪನ್ನು ತಾನೇ ಹುಡುಕಿದ್ದು

ಆಕೆ ಹುಟ್ಟಿದ ಗಳಿಗೆಯಲ್ಲಿ ಹೆರಿಗೆ ಮಾಡಿಸಿದ ನರ್ಸಿನ ಕೋಟಿನ ಮೂರನೆಯ ಗುಂಡಿ ಬಿಚ್ಚಿಕೊಂಡಿತ್ತಂತೆ. ಅದನ್ನು ಹಾಕಿಕೊಳ್ಳುವ ತನಕ ಕೂಸು ಅಳು ನಿಲ್ಲಿಸಲಿಲ್ಲ ಎಂದು ಆಕೆಯ ಅಕ್ಕ ಹೇಳುತ್ತಿದ್ದಳು. ಅಕ್ಕನಿಗೆ ಆಗ ನಾಲ್ಕು ವರ್ಷ, ಅವಳ ಸಾಕ್ಷಿಯನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ. ಆದರೆ ಮುಂದೆ ನಡೆದದ್ದನ್ನೆಲ್ಲ ಕಂಡವರು, ಗುಂಡಿ ಮೂರನೆಯದೋ ನಾಲ್ಕನೆಯದೋ ಎಂದು ಚರ್ಚೆ ಮಾಡಿದರೇ ಹೊರತು ಕಥೆ ಸುಳ್ಳು ಎನ್ನಲಿಲ್ಲ.

ಇಂಥ ಕಣ್ಣು ಇಟ್ಟುಕೊಂಡವರು ಎರಡೇ ಉದ್ಯೋಗ ಮಾಡಬಹುದು. ಒಂದು ಅತ್ತೆಯಾಗುವುದು, ಇನ್ನೊಂದು ಸಿನಿಮಾದಲ್ಲಿ ಕಂಟಿನ್ಯುಟಿ ನೋಡಿಕೊಳ್ಳುವುದು. ಆಕೆ ಮದುವೆಯಾಗದ ಕಾರಣ ಎರಡನೆಯದಕ್ಕೆ ಸೇರಿದಳು. ಸಿನಿಮಾದ ಒಂದು ದೃಶ್ಯವನ್ನು ತುಂಡು ತುಂಡಾಗಿ ತೆಗೆಯುತ್ತಾರೆ. ಬೆಳಿಗ್ಗೆ ತೆಗೆದ ತುಂಡಿನಲ್ಲಿ ನಾಯಕನ ಬಲಗೈಯಲ್ಲಿದ್ದ ಪೆನ್ನು ಊಟದ ನಂತರದ ತುಂಡಿನಲ್ಲಿ ಎಡಗೈಗೆ ಬಂದಿದ್ದರೆ ನೋಡುವವರು ನಗುತ್ತಾರೆ. ಹಾಗಾಗದಂತೆ ಕಾಯುವುದೇ ಆಕೆಯ ಕೆಲಸ. ಮೂವತ್ತು ವರ್ಷ ಆಕೆ ಕ್ಯಾಮೆರಾದ ಎಡಕ್ಕೆ ಒಂದು ಮುರುಕು ಸ್ಟೂಲಿನ ಮೇಲೆ ಕೂತು ಕಾದಳು. ಒಮ್ಮೆ ಖಳನಾಯಕನ ಹುಬ್ಬಿನಲ್ಲಿ ನಿನ್ನೆಗಿಂತ ಎರಡು ಕೂದಲು ಕಡಿಮೆ ಇವೆ ಎಂದು ಚಿತ್ರೀಕರಣ ನಿಲ್ಲಿಸಿದ್ದಳು. ಎಣಿಸಿ ನೋಡಿದರೆ ನಿಜಕ್ಕೂ ಎರಡೇ. ಅಂದಿನಿಂದ ಇಡೀ ಚಿತ್ರೋದ್ಯಮ ಆಕೆಯನ್ನು ದುರ್ಬೀನಮ್ಮ ಎಂದು ಕರೆಯಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಮೂವತ್ತು ವರ್ಷದಲ್ಲಿ ಆಕೆ ಒಂದೇ ಒಂದು ತಪ್ಪನ್ನೂ ಮಾಡಿರಲಿಲ್ಲ. ಆದರೆ ಆಕೆಯನ್ನು ಹೊಗಳಿದವರು ಒಬ್ಬರೂ ಇರಲಿಲ್ಲ. ಯಾವ ನಿರ್ಮಾಪಕನನ್ನು ಕೇಳಿದರೂ, "ಯಾರು ನೋಡ್ತಾರೆ ಬಿಡಮ್ಮಾ, ಬೇಗ ಮುಗಿಸು" ಎನ್ನುವವನೇ.

ಹಾಗಾಗಿಯೇ ಆ ಕೊನೆಯ ನಿರ್ಮಾಪಕ ಆಕೆಯ ಪಾಲಿಗೆ ದೇವರಂತೆ ಕಂಡ.

ಅವನದು ದೊಡ್ಡ ಕಂಪನಿಗಳ ಹಂಗಿಲ್ಲದ ಸಣ್ಣ ಸ್ವತಂತ್ರ ಸಂಸ್ಥೆ. ಬಂಡವಾಳ ಹಾಕುವವರು ಸಾಮಾನ್ಯ ಜನರೇ: ಬೇಕರಿಯವರು, ನಿವೃತ್ತ ಮೇಷ್ಟ್ರುಗಳು, ಬಸ್ ಡ್ರೈವರುಗಳು. ಅವನ ಮಾತಿನ ಸವಿ ಎಂಥದೆಂದರೆ, "ಬನ್ನಿ" ಎಂದರೆ ಗೋಡೆಯ ಮೇಲಿನ ಹಲ್ಲಿಯೂ ಕುರ್ಚಿ ಎಳೆದುಕೊಂಡು ಕೂರುತ್ತಿತ್ತು. ಊರಾಚೆ ಮುಚ್ಚಿಹೋಗಿದ್ದ ಬಿಸ್ಕತ್ತು ಕಾರ್ಖಾನೆಯ ಗೋದಾಮನ್ನು ಬಾಡಿಗೆಗೆ ಹಿಡಿದು, ಅದರೊಳಗೆ ಒಂದು ಅಡುಗೆಮನೆ ಕಟ್ಟಿಸಿದ್ದ. ಚಿತ್ರದ ಹದಿನಾಲ್ಕನೆಯ ದೃಶ್ಯ ನಡೆಯುವುದು ಅಲ್ಲಿ. ಒಬ್ಬ ಮುದುಕ ಮೇಜಿನ ಮುಂದೆ ಕೂತು ಪತ್ರ ಓದುತ್ತಾನೆ. ಟೀ ಕಪ್ಪನ್ನು ತುಟಿಯವರೆಗೆ ಎತ್ತಿ, ಕುಡಿಯದೆ ಹಾಗೇ ಹಿಡಿಯುತ್ತಾನೆ. ಕಣ್ಣಿಂದ ಒಂದು ಹನಿ ಇಳಿಯುತ್ತದೆ. ಅಷ್ಟೇ ದೃಶ್ಯ.

ಮೊದಲ ಗುರುವಾರ ಅದನ್ನು ತೆಗೆದರು. ಎರಡನೆಯ ಗುರುವಾರ ಮತ್ತೆ ಅದನ್ನೇ. ಮೂರನೆಯ ಗುರುವಾರವೂ ಅದೇ ಎಂದಾಗ ದುರ್ಬೀನಮ್ಮ ನಿರ್ಮಾಪಕನ ಮುಖ ನೋಡಿದಳು.

"ಅಮ್ಮಾ, ಇದು ಚಿತ್ರದ ಜೀವ," ಎಂದ ಅವನು, ತಗ್ಗಿದ ದನಿಯಲ್ಲಿ. "ಇದು ಸರಿ ಬರೋ ತನಕ ನಾನು ಬೇರೆ ದೃಶ್ಯ ಮುಟ್ಟಲ್ಲ. ಹೋದ ವಾರ ಹೆಂಗಿತ್ತೋ ಹಂಗೇ ಇರ್ಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಆಗ್ಬಾರ್ದು. ನಿಮ್ಮನ್ನ ಬಿಟ್ರೆ ಇದು ಭೂಮಿ ಮೇಲೆ ಇನ್ಯಾರಿಗೂ ಆಗಲ್ಲ."

ದುರ್ಬೀನಮ್ಮ ಸ್ಟೂಲನ್ನು ಕ್ಯಾಮೆರಾಕ್ಕೆ ಇನ್ನೊಂದು ಗೇಣು ಹತ್ತಿರ ಎಳೆದುಕೊಂಡಳು. ಮೂವತ್ತು ವರ್ಷ ಕಾದಿದ್ದ ಮಾತು ಅದು.

ಅಂದಿನಿಂದ ಆಕೆ ಮಾಡಿದ ಕೆಲಸವನ್ನು ಕೇಳಿದರೆ ಕೂದಲು ನಿಮಿರುತ್ತದೆ. ಕಪ್ಪಿನ ಅಂಚಿನಿಂದ ಟೀ ಎಷ್ಟು ಕೆಳಗಿರಬೇಕೆಂಬುದನ್ನು ಬೆಂಕಿಕಡ್ಡಿಯಿಂದ ಅಳೆದಳು. ತಟ್ಟೆಯಲ್ಲಿ ಅರ್ಧ ತಿಂದ ಬ್ರೆಡ್ಡಿನ ಚೂರೊಂದು ಇರಬೇಕಿತ್ತು. ಪ್ರತಿ ವಾರ ಹೊಸ ಬ್ರೆಡ್ಡು ತಂದು, ತನ್ನ ಸ್ಟೂಲಿನಿಂದ ತೆಗೆದ ಹಳೆಯ ಫೋಟೋ ಎದುರಿಗಿಟ್ಟುಕೊಂಡು, ತಾನೇ ಕಚ್ಚಿ ಅದೇ ಹಲ್ಲಿನ ಗುರುತು ಮೂಡಿಸಿದಳು. ಒಂದು ವಾರ ಹಲ್ಲುನೋವಾಗಿ ಬಾಯಿ ಊದಿಕೊಂಡರೂ ಅದೇ ಜಾಗದಲ್ಲಿ ಅಷ್ಟೇ ಕಚ್ಚಿದಳು. ಮುದುಕನ ಪಾತ್ರ ಮಾಡುತ್ತಿದ್ದ ನಟನನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಆ ತಾತನ ಮೂರು ದಿನದ ಗಡ್ಡವನ್ನು ಆಕೆ ಬಾಚಣಿಗೆ ಇಟ್ಟು ಕತ್ತರಿಸಿ ಸಮ ಮಾಡುತ್ತಿದ್ದಳು. ಕಿಟಕಿಯ ಪರದೆಯ ಮಡಿಕೆ ಹನ್ನೊಂದು ಎಂದರೆ ಹನ್ನೊಂದೇ. ಅಲ್ಲಿ ಕೂತಿದ್ದ ನೊಣ ಹಾರಿಹೋದರೆ ವಾಪಸು ಕರೆಸುತ್ತಿದ್ದಳು ಎಂದೂ ಲೈಟ್ ಹಿಡಿಯುವವರು ಹೇಳುತ್ತಿದ್ದರು. ಇದೊಂದನ್ನು ಮಾತ್ರ ನಂಬುವುದು ಕಷ್ಟ.

ಪ್ರತಿ ಗುರುವಾರ ಕ್ಯಾಮೆರಾದ ಹಿಂದೆ ಹನ್ನೆರಡು ಕುರ್ಚಿ ಹಾಕಿರುತ್ತಿದ್ದರು. ಕಥೆ ಗುಟ್ಟಾಗಿರಬೇಕೆಂದು ಬಾಗಿಲಲ್ಲೇ ಫೋನು ತೆಗೆದಿಟ್ಟು, ಹೊಸ ಹೊಸ ಜನ ಬಂದು ಆ ಕುರ್ಚಿಗಳಲ್ಲಿ ಕೂರುತ್ತಿದ್ದರು. ತಾತನ ಕಣ್ಣಿಂದ ಹನಿ ಇಳಿಯುತ್ತಿದ್ದಂತೆ ಅವರ ಕಣ್ಣಲ್ಲೂ ಇಳಿಯುತ್ತಿತ್ತು. ಆಮೇಲೆ ನಿರ್ಮಾಪಕ ಪ್ರತಿಯೊಬ್ಬರ ಕೈಗೂ ಅಂದಂದೇ ತೆಗೆದ ಆ ದೃಶ್ಯದ ದೊಡ್ಡ ಫೋಟೋ ಒಂದನ್ನು ಕೊಟ್ಟು, "ಈ ಕಣ್ಣೀರಲ್ಲಿ ನಿಮ್ಮದೂ ಪಾಲಿದೆ" ಎನ್ನುತ್ತಿದ್ದ. ಅವರು ಹಿಂದಿನ ಮೇಜಿಗೆ ಹೋಗಿ ಬಂಡವಾಳದ ಕಾಗದಕ್ಕೆ ಸಹಿ ಹಾಕುತ್ತಿದ್ದರು. ದುರ್ಬೀನಮ್ಮ ಇದನ್ನು ನೋಡಲಿಲ್ಲವೇ ಎಂದರೆ, ನೋಡಲಿಲ್ಲ. ಆಕೆ ನೋಡುತ್ತಿದ್ದದ್ದು ಚೌಕಟ್ಟಿನ ಒಳಗಿದ್ದದ್ದನ್ನು. ಚೌಕಟ್ಟಿನ ಹೊರಗೆ ಆನೆ ಬಿದ್ದು ಹೊರಳಾಡಿದರೂ ಆಕೆಗೆ ಅದು ಸದ್ದು ಮಾಡಬೇಡ ಎಂದು ಗದರಿಸಬೇಕಾದ ಪ್ರಾಣಿ ಅಷ್ಟೆ.

ಆ ಕುರ್ಚಿಗಳಲ್ಲಿ ಒಂದು ದಿನ ಆಕೆಯ ಭಾವ ಬಂದು ಕೂತ.

ಭಾವ, ಎಂದರೆ ಅಕ್ಕನ ಗಂಡ, ಗಡಿಯಾರ ರಿಪೇರಿ ಮಾಡುವವನು. ಮಾತಿಗಿಂತ ಟಿಕ್ ಟಿಕ್ ಹೆಚ್ಚು ಕೇಳಿಸಿಕೊಂಡ ಮನುಷ್ಯ. ಅಡುಗೆಮನೆಯ ಗೋಡೆ ಗಡಿಯಾರ ಆ ವಾರ ಕೆಟ್ಟಿತ್ತು. ಅದರಲ್ಲಿ ಸೆಕೆಂಡಿನ ಮುಳ್ಳು ಓಡಬೇಕು, ಆದರೆ ಗಂಟೆ ನಾಲ್ಕು ಇಪ್ಪತ್ತು ಬಿಟ್ಟು ಕದಲಬಾರದು ಎಂದು ದುರ್ಬೀನಮ್ಮನೇ ಅವನನ್ನು ಕರೆಸಿದ್ದಳು. ಗಡಿಯಾರ ಸರಿ ಮಾಡಿ, ಉಳಿದ ಕುರ್ಚಿಯಲ್ಲಿ ಕೂತು ದೃಶ್ಯ ನೋಡಿದ. ಹೊರಗೆ ಬಂದು ಕಣ್ಣೊರೆಸಿಕೊಂಡು ನಾದಿನಿಯನ್ನು ಕೇಳಿದ:

"ಇದೆಲ್ಲಾ ನಿಜಾನೇನಮ್ಮಾ?"

"ನನ್ ಕಣ್ಣೆದುರಿಗೇ ನಡೀತಿದೆಯಲ್ಲ ಭಾವ. ನನ್ ಕಣ್ಣಿಗಿಂತ ಸಾಕ್ಷಿ ಬೇಕಾ?"

ಬೇಕಿರಲಿಲ್ಲ. ಭಾವ ತನ್ನ ಅಂಗಡಿಯ ಪತ್ರವನ್ನೇ ತಂದು ಪಾಲಿನ ಬಾಬ್ತೆಂದು ಕಂಪನಿಗೆ ಒಪ್ಪಿಸಿದ.

ಇಪ್ಪತ್ತಮೂರು ಗುರುವಾರಗಳಾದವು. ಇಪ್ಪತ್ತನಾಲ್ಕನೆಯದಕ್ಕೆ ದುರ್ಬೀನಮ್ಮ ಬ್ರೆಡ್ಡು ಹಿಡಿದು ಬಂದರೆ ಗೋದಾಮಿಗೆ ಬೀಗ.

ಆಕೆ ಬೀಗ ತೆರೆಯುವುದನ್ನು ಕಾಯುತ್ತ ಮೂರು ಗಂಟೆ ಅಲ್ಲೇ ಕೂತಿದ್ದಳು. ಅಕ್ಕ ಅಷ್ಟು ಕಾಯಲಿಲ್ಲ. ಸುದ್ದಿ ತಿಳಿದ ಸಂಜೆಯೇ, "ನಿನ್ ಕಣ್ಣು ನಂಬಿ ನಮ್ ಅನ್ನ ಹೋಯ್ತಲ್ಲೇ" ಎಂದಳು, ಮತ್ತೆ ತಂಗಿಯ ಹತ್ತಿರ ಮಾತಾಡಲಿಲ್ಲ. ಹನ್ನೊಂದು ತಿಂಗಳು ಹಾಗೇ ಹೋಯಿತು.

ಆ ಹೊತ್ತಿಗೆ ದೂರುಗಳು ಸೇರಿ ವಿಚಾರಣೆ ಶುರುವಾಗಿತ್ತು. ನಿರ್ಮಾಪಕ ಓಡಿಹೋಗಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗೂ ನಗುತ್ತ ಬಂದು ಕೂತ. ಅವನ ವಕೀಲರ ವಾದ ಬೆಣ್ಣೆಯಂತೆ ಜಾರುತ್ತಿತ್ತು: ಸಂಸ್ಥೆ ಪ್ರಾಮಾಣಿಕವಾಗಿ ಇಡೀ ಚಿತ್ರ ತೆಗೆದಿದೆ, ದಿನಕ್ಕೊಂದು ದೃಶ್ಯ. ದುರದೃಷ್ಟ, ಅದನ್ನೆಲ್ಲ ಇಟ್ಟಿದ್ದ ಹಾರ್ಡ್ ಡಿಸ್ಕು ಕೆಟ್ಟು ಅಳಿಸಿಹೋಯಿತು. ನಷ್ಟ ವ್ಯಾಪಾರದಲ್ಲಿ ಸಹಜ, ಅದು ಮೋಸವಲ್ಲ.

"ಇಲ್ಲ ಸರ್," ಎಂದಳು ಸಾಕ್ಷಿ ಹೇಳಲು ಬಂದ ದುರ್ಬೀನಮ್ಮ. "ಇಪ್ಪತ್ತಮೂರು ವಾರ ಒಂದೇ ದೃಶ್ಯ ತೆಗೆದಿದ್ದು. ಬೇರೆ ಏನೂ ತೆಗೀಲಿಲ್ಲ."

"ಬರೆದಿಟ್ಟಿದೀರಾ?" ಎಂದರು ವಕೀಲರು.

"ರಿಜಿಸ್ಟರಲ್ಲಿ ಬರೆದಿದ್ದೆ. ಅದು ಕಂಪನಿ ಬೀರುವಿನಲ್ಲಿತ್ತು, ಈಗ ಇಲ್ಲವಂತೆ."

"ಕ್ಯಾಮೆರಾದವರು ನೆನಪಿಲ್ಲ ಅಂತಾರೆ. ಲೈಟಿನವರೂ ನೆನಪಿಲ್ಲ ಅಂತಾರೆ." ಅವರಿಗೆಲ್ಲ ಮುಂದಿನ ಚಿತ್ರದಲ್ಲಿ ಕೆಲಸ ಕೊಡುವುದಾಗಿ ನಿರ್ಮಾಪಕ ಹೇಳಿದ್ದ. ವಕೀಲರು ಒಂದೊಂದು ಗುರುವಾರ ಬಂದ ಒಬ್ಬೊಬ್ಬ ಬಂಡವಾಳಗಾರರಿಂದ ಸೇರಿಸಿದ ಇಪ್ಪತ್ತಮೂರು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. "ಇವರು ಬೇರೆ ಬೇರೆ ದಿನ ಬಂದಿದ್ದು ನಾವೂ ಒಪ್ತೀವಿ. ಆದ್ರೆ ನೋಡಿದ್ದು ಬೇರೆ ಬೇರೆ ದೃಶ್ಯ. ಸಿನಿಮಾ ಗೊತ್ತಿಲ್ಲದವರು, ಎಲ್ಲಾ ಒಂದೇ ಥರ ಕಂಡಿದೆ. ಫೋಟೋ ಮಾತ್ರ ಹದಿನಾಲ್ಕನೇ ದೃಶ್ಯ ತೆಗೆದ ಆ ಒಂದು ದಿನದ್ದು, ಅವತ್ತು ತೆಗೆದಿದ್ದನ್ನೇ ಎಲ್ಲರಿಗೂ ಹಂಚಿದ್ವಿ. ಬೇರೆ ದಿನದ್ದಾದ್ರೆ ವ್ಯತ್ಯಾಸ ಇರ್ಬೇಕಲ್ಲ? ಟೀ ನೋಡಿ. ಬ್ರೆಡ್ಡು ನೋಡಿ. ಗಡ್ಡ ನೋಡಿ. ವಾರಗಟ್ಟಲೆ ಅಂತರದಲ್ಲಿ ಹೀಗಿರೋಕೆ ಮನುಷ್ಯಮಾತ್ರರಿಂದ ಸಾಧ್ಯಾನಾ?"

ವಿಚಾರಣಾಧಿಕಾರಿ ಫೋಟೋಗಳನ್ನು ನೋಡಿದರು, ದುರ್ಬೀನಮ್ಮನನ್ನು ನೋಡಿದರು. "ಸಾಧ್ಯ ಇಲ್ಲ ಅಂತ ನನಗೂ ಅನ್ಸುತ್ತೆ. ಒಂದೇ ಒಂದು ವ್ಯತ್ಯಾಸ ತೋರಿಸಿ ತಾಯಿ. ಪ್ರತಿ ಕೊಡಿಸ್ತೀನಿ, ಒಂದು ವಾರ ತಗೊಳ್ಳಿ. ಇಲ್ಲಾಂದ್ರೆ ನಷ್ಟ ಅಂತ ಬರೆದು ಮುಚ್ಚಬೇಕಾಗತ್ತೆ."

ನಷ್ಟ ಎಂದು ಬರೆದರೆ ಭಾವನ ಅಂಗಡಿ ಆ ನಷ್ಟದಲ್ಲೇ ಮುಳುಗಿಹೋಗುತ್ತದೆ. ಮೋಸ ಎಂದು ಬರೆದರೆ ಪತ್ರ ವಾಪಸು ಬರುತ್ತದೆ. ಎಲ್ಲವೂ ನಿಂತದ್ದು ಒಂದೇ ಒಂದು ತಪ್ಪಿನ ಮೇಲೆ. ಮೂವತ್ತು ವರ್ಷದಲ್ಲಿ ತಪ್ಪೇ ಮಾಡದವಳು ಈಗ ತನ್ನ ತಪ್ಪನ್ನು ತಾನೇ ಹುಡುಕಬೇಕು.

ಅಂಗಡಿ ಇನ್ನೂ ಕೈಬಿಟ್ಟಿರಲಿಲ್ಲವಾದ್ದರಿಂದ, ಭಾವ ತನ್ನ ಕೆಲಸದ ಮೇಜನ್ನೇ ಖಾಲಿ ಮಾಡಿಕೊಟ್ಟ. ತಾನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿಯನ್ನೂ ಕೊಟ್ಟ. ದುರ್ಬೀನಮ್ಮ ಅದನ್ನು ಸಿಕ್ಕಿಸಿಕೊಂಡು ಕೂತಳು. ಸುತ್ತ ನಲವತ್ತು ಗಡಿಯಾರ ನಲವತ್ತು ಸಮಯ ಹೇಳುತ್ತಿದ್ದವು.

ಮೊದಲ ದಿನ ಟೀ. ಇಪ್ಪತ್ತಮೂರು ಕಪ್ಪಿನಲ್ಲೂ ಟೀ ಒಂದೇ ಮಟ್ಟ. ಆಕೆಗೆ ಎದೆಯುಬ್ಬಿತು, ಮರುಕ್ಷಣ ಹಣೆ ಚಚ್ಚಿಕೊಂಡಳು. ಎರಡನೆಯ ದಿನ ಬ್ರೆಡ್ಡು. ಒಂದೊಂದು ಹಲ್ಲಿನ ಗುರುತೂ ಅಚ್ಚೊತ್ತಿದಂತಿತ್ತು. "ಥೂ ನನ್ ಹಲ್ಲಿಗಿಷ್ಟು!" ಎಂದು ತನ್ನನ್ನೇ ಬೈದುಕೊಂಡಳು. ಮೂರನೆಯ ದಿನ ಪರದೆ, ಗಡ್ಡ, ಪತ್ರದ ಮಡಿಕೆ, ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿ. ಪುಡಿಯನ್ನು ಕೂಡ ಚಿಮಟದಿಂದ ಎತ್ತಿ ಎತ್ತಿ ಜೋಡಿಸಿದ್ದ ಪುಣ್ಯಾತ್ಗಿತ್ತಿ ಆಕೆಯೇ. ಪ್ರಪಂಚದಲ್ಲಿ ತನ್ನ ಕೆಲಸದ ಅಚ್ಚುಕಟ್ಟನ್ನು ಕಂಡು ಇಷ್ಟು ಅತ್ತವರು ಬೇರೆ ಯಾರೂ ಇರಲಾರರು.

ಅಕ್ಕ ಮಹಡಿಯಿಂದ ಇಳಿದು ಬಂದು, ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ರೀ, ಅವಳಿಗೆ ಹೇಳಿ, ಟೀ ಆರಿಹೋಗತ್ತೆ."

"ಅವಳು ಇಲ್ಲೇ ಇದಾಳಲ್ಲೇ."

"ನಾನು ನಿಮಗೆ ಹೇಳಿದ್ದು."

"ಅಮ್ಮಾ, ಟೀ ಆರಿಹೋಗತ್ತಂತೆ," ಎಂದ ಭಾವ.

"ಅಕ್ಕಂಗೆ ಹೇಳಿ ಭಾವ, ಕುಡೀತೀನಿ ಅಂತ."

"ಹೇಳೋದೇನೂ ಬೇಡ ಅನ್ನಿ, ನಂಗೆ ಕಿವಿ ಇದೆ!" ಎಂದು ಅಕ್ಕ ಮೆಟ್ಟಿಲು ಹತ್ತಿದಳು.

ನಾಲ್ಕನೆಯ ದಿನ ಮಧ್ಯಾಹ್ನ, ನೋಡಲು ಏನೂ ಉಳಿಯದೆ, ದುರ್ಬೀನಮ್ಮ ಫೋಟೋಗಳನ್ನು ಸುಮ್ಮನೆ ದಿಟ್ಟಿಸುತ್ತಿದ್ದಳು. ಆಗ ಒಂದು ಸಂಗತಿ ಹೊಳೆಯಿತು. ಈ ಫೋಟೋಗಳು ಕ್ಯಾಮೆರಾದ ಬಲಗಡೆಯಿಂದ ತೆಗೆದವು. ಮೂವತ್ತು ವರ್ಷ ಆಕೆ ಕೂತದ್ದು ಎಡಗಡೆ. ಕಪ್ಪು ಹಿಡಿದ ತಾತನ ಕೈಯ ಈ ಮಗ್ಗುಲನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ.

ಭೂತಗನ್ನಡಿ ಅಲ್ಲಿಗೆ ಹೋಯಿತು. ತಾತನ ಹೆಬ್ಬೆರಳಿನ ಉಗುರಿನ ಕೆಳಗೆ ಸಣ್ಣದೊಂದು ಕಪ್ಪು ಕಲೆ ಇತ್ತು. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದರೆ ಆಗುವಂಥದ್ದು. ಒಂದು ಫೋಟೋದಲ್ಲಿ ಅದು ಉಗುರಿನ ಬುಡದಲ್ಲಿತ್ತು, ಇನ್ನೊಂದರಲ್ಲಿ ನಡುವೆ. ಮತ್ತೊಂದರಲ್ಲಿ ತುದಿಗೆ ಬಂದು, ಕತ್ತರಿಸಿ ಬಿಸಾಡಲು ತಯಾರಾಗಿ ನಿಂತಿತ್ತು.

ದುರ್ಬೀನಮ್ಮ ಗಡಿಯಾರ ನಿಲ್ಲಿಸಿದ್ದಳು, ಗಡ್ಡ ನಿಲ್ಲಿಸಿದ್ದಳು, ಟೀ ಆರುವುದನ್ನೂ ಬ್ರೆಡ್ಡು ಒಣಗುವುದನ್ನೂ ನಿಲ್ಲಿಸಿದ್ದಳು. ಅಷ್ಟೆಲ್ಲದರ ನಡುವೆ ಒಬ್ಬ ಮುದುಕನ ಹೆಬ್ಬೆರಳಿನ ಉಗುರು, ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಅಕ್ಕಿಕಾಳಿನ ತುದಿಯಷ್ಟಷ್ಟೇ ಮುಂದೆ ಸರಿಯುತ್ತ ಐದು ತಿಂಗಳು ನಡೆದಿತ್ತು. ಆಕೆ ಭೂತಗನ್ನಡಿ ತೆಗೆದು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದೂ ಈಗ ನಡೆಯುತ್ತಿರಬೇಕು ಎನಿಸಿ, ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು.

ಅಂದು ಸಂಜೆಯೇ ತಾತನ ಮನೆಗೆ ಹೋದಳು. ತಾತ ಲಾಂಡ್ರಿಯೊಂದರ ಮೇಲಿನ ಕೋಣೆಯಲ್ಲಿದ್ದ. ಬಾಗಿಲು ತೆರೆದವನು ಆಕೆಯನ್ನು ಕಂಡೊಡನೆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಗೊತ್ತಾಯ್ತಾ?" ಎಂದ.

"ಯಾವಾಗಾಯ್ತು ತಾತಾ?"

"ಎರಡ್ನೇ ವಾರ. ಗೋದಾಮಿನ ಕಬ್ಬಿಣದ ಬಾಗಿಲ ಸಂದಿಗೆ ಸಿಕ್ಕೊಂಡ್ತು. ಪ್ರಾಣ ಹೋದಂಗಾಯ್ತು."

"ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳೋದಾ!" ತಾತ ಕಣ್ಣು ಅಗಲಿಸಿದ. "ಹುಬ್ಬಿನ ಎರಡು ಕೂದಲಿಗೆ ಕೆಲಸ ನಿಲ್ಸಿದವಳು ನೀನು. ಬೆರಳು ಕತ್ತರಿಸಿ ಹೊಸಾದು ಹಾಕ್ತಿದ್ದೆ. ಅದಕ್ಕೇ ಹೆಬ್ಬೆರಳನ್ನ ನಿನ್ ಕಡೆಯಿಂದ ಆಕಡೆ ತಿರುಗಿಸ್ಕೊಂಡು ಕಪ್ಪು ಹಿಡೀತಿದ್ದೆ. ಇಪ್ಪತ್ತೆರಡು ವಾರ ನಾನು ಆಡಿದ ನಟನೆ ಅಂದ್ರೆ ಅದೊಂದೇ. ಕಣ್ಣೀರಲ್ಲಾ, ಅದು ಆ ಲೈಟಿನ ಝಳಕ್ಕೆ ತಾನಾಗೇ ಬರ್ತಿತ್ತು."

ದುರ್ಬೀನಮ್ಮ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ವಿಚಾರಣೆಗೆ ಬಂದು ಇದನ್ನೇ ಹೇಳ್ತೀಯಾ ತಾತಾ?"

"ಬೈಯಲ್ಲ ತಾನೇ?"

"ಇಲ್ಲ."

"ಹಂಗಾದ್ರೆ ಬರ್ತೀನಿ."

ವಿಚಾರಣೆಯ ದಿನ ಕೋಣೆ ತುಂಬಿತ್ತು. ಬಂಡವಾಳ ಹಾಕಿದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಭಾವನೂ ಅಕ್ಕನೂ ಕೊನೆಯ ಬೆಂಚಿನಲ್ಲಿದ್ದರು. ತಾತ ಬಾಗಿಲಿನ ಕಥೆ ಹೇಳಿದ. ವಕೀಲರು ನಕ್ಕರು: "ಇದೊಂದು ನೆರಳು. ಲೈಟು ಅಲ್ಲಾಡಿದ್ರೆ ನೆರಳೂ ಅಲ್ಲಾಡತ್ತೆ. ಒಂದೇ ದಿನದಲ್ಲಿ."

ಅಧಿಕಾರಿ ಮೂಲ ಫೋಟೋಗಳನ್ನು ತರಿಸಿ, ಕಲಸಿ, ದುರ್ಬೀನಮ್ಮನ ಮುಂದಿಟ್ಟರು. ಯಾರು ಯಾವ ಗುರುವಾರ ಬಂದಿದ್ದರೆಂಬ ಪಟ್ಟಿ ಅವರ ಕೈಯಲ್ಲಿತ್ತು. ಫೋಟೋಗಳ ಹಿಂದೆ ಮಾಲೀಕರ ಹೆಸರಿತ್ತು, ಮುಂದೆ ಏನೂ ಇರಲಿಲ್ಲ. "ತಿರುಗಿಸಬೇಡಿ. ಉಗುರು ನೋಡಿ, ಹಳೇದರಿಂದ ಹೊಸದಕ್ಕೆ ಜೋಡಿಸಿ."

ದುರ್ಬೀನಮ್ಮ ಭಾವನ ಭೂತಗನ್ನಡಿ ಸಿಕ್ಕಿಸಿಕೊಂಡಳು. ಕೋಣೆಯಲ್ಲಿ ಎಷ್ಟು ಮೌನವೆಂದರೆ ಟೈಪು ಮಾಡುವವನ ಹೊಟ್ಟೆ ಗುರುಗುಟ್ಟಿದ್ದು ಎದುರು ಬೀದಿಗೂ ಕೇಳಿರಬೇಕು. ಒಂದೊಂದೇ ಫೋಟೋ ಎತ್ತಿ, ನೋಡಿ, ಇಟ್ಟಳು. ಒಂದು ಕಡೆ ಎರಡನ್ನು ಕೈಯಲ್ಲಿ ಹಿಡಿದು ತಡೆದಳು.

"ಸರ್, ಇವೆರಡೂ ಒಂದು ವಾರದ ಆಚೆ ಈಚೆ. ಯಾವುದು ಮೊದಲು ಅಂತ ಹೇಳಕ್ಕಾಗ್ತಿಲ್ಲ. ಸುಳ್ಳು ಹೇಳಲ್ಲ."

"ಅಕ್ಕಪಕ್ಕ ಇಡಿ."

ಕೊನೆಗೊಂದು ಉಳಿಯಿತು, ಉಗುರಿನಲ್ಲಿ ಕಲೆಯೇ ಇಲ್ಲದ್ದು. "ಇದು ಮೊದಲ್ನೇ ವಾರದ್ದು. ಬೆರಳು ಬಾಗಿಲಿಗೆ ಸಿಕ್ಕೋಕೆ ಮುಂಚೆ," ಎಂದು ಸಾಲಿನ ತಲೆಗಿಟ್ಟಳು.

ಅಧಿಕಾರಿ ಒಂದೊಂದನ್ನೇ ಮಗುಚುತ್ತ ಪಟ್ಟಿ ನೋಡುತ್ತ ಬಂದರು. ಮೊದಲ ಗುರುವಾರ, ಬೇಕರಿಯವರು. ಸರಿ. ಎರಡನೆಯದು, ಮೇಷ್ಟ್ರು. ಸರಿ. ಮೂರನೆಯದು, ಸರಿ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವರು ಕುರ್ಚಿಯ ತುದಿಗೆ ಸರಿದಿದ್ದರು. ಗೋಡೆಗೆ ಒರಗಿದ್ದವರು ತಾವಾಗಿಯೇ ನೆಟ್ಟಗೆ ನಿಂತರು. ಹದಿನೇಳನೆಯದು ಗಡಿಯಾರ ರಿಪೇರಿಯವನದು, ಸರಿ. ಇಪ್ಪತ್ತಮೂರನೆಯದು ಬಸ್ ಡ್ರೈವರದು, ಸರಿ. ಪೆನ್ನು ಕೆಳಗಿಟ್ಟು ಅಧಿಕಾರಿ ತಮ್ಮ ಹೆಬ್ಬೆರಳನ್ನೇ ಒಮ್ಮೆ ನೋಡಿಕೊಂಡರು. ಆ ಕೋಣೆಯಲ್ಲಿ ಆಗ ಹೆಬ್ಬೆರಳು ನೋಡಿಕೊಳ್ಳದವರು ಯಾರೂ ಇರಲಿಲ್ಲ. ವಕೀಲರು ಕೂಡ.

"ತಾಯಿ," ಎಂದರು ಅಧಿಕಾರಿ, ಎದ್ದು ನಿಂತು ಕೇಳುವವರಂತೆ. "ಇದನ್ನ ದಾಖಲೆಯಲ್ಲಿ ಏನಂತ ಬರೆಸಲಿ?"

"ನನ್ನ ತಪ್ಪು ಅಂತ ಬರೆಸಿ ಸರ್. ಕಂಟಿನ್ಯುಟಿಯವಳು ಉಗುರು ನೋಡಲಿಲ್ಲ ಅಂತ."

ಟೈಪು ಮಾಡುವವನು ಹಾಗೇ ಹೊಡೆದ. ಅದರ ಕೆಳಗೆ ಅಧಿಕಾರಿ ಮೋಸ ಎಂಬ ಪದವನ್ನೂ ಹೊಡೆಸಿದರು. ಪಾಲಿಗೆಂದು ಕೊಟ್ಟದ್ದೆಲ್ಲ ಕೊಟ್ಟವರಿಗೆ ಮರಳಬೇಕು, ಅಂಗಡಿಯ ಪತ್ರ ಮೊದಲುಗೊಂಡು, ಎಂದು ಬರೆಸಿದರು.

ಹೊರಗೆ ಮೊಗಸಾಲೆಯಲ್ಲಿ ಇಬ್ಬರು ಪೊಲೀಸರ ನಡುವೆ ನಿರ್ಮಾಪಕ ಬರುತ್ತಿದ್ದ. ದುರ್ಬೀನಮ್ಮನನ್ನು ಕಂಡು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಗೋಪುರವನ್ನು ತಲೆಯೆತ್ತಿ ನೋಡುವವನ ಹಾಗೆ ಆಕೆಯನ್ನು ನೋಡುತ್ತಿದ್ದ.

"ಅಮ್ಮಾ, ನಾನು ಮಾಡಿದ್ದು ಮೋಸ. ಒಪ್ದೆ. ಆದ್ರೆ ನೀವು ಮಾಡಿದ್ದು... ಇಪ್ಪತ್ತಮೂರು ವಾರ! ನಮ್ ವಕೀಲರೇ ನನ್ನ ನಂಬಲಿಲ್ಲ, ನಿಜಕ್ಕೂ ಒಂದೇ ದಿನ ತೆಗೆದಿದ್ದು ಅಂದ್ಕೊಂಡಿದ್ರು. ನಾನು ಆಚೆ ಬಂದ್ಮೇಲೆ ನಿಜವಾದ ಚಿತ್ರ ತೆಗೀತೀನಿ. ನೀವೇ ಬರ್ಬೇಕು."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಆಶ್ಚರ್ಯ. ದುರ್ಬೀನಮ್ಮನ ಮುಖ ಸಣ್ಣಗೆ ಅರಳಿತು. ತಡೆಯಬೇಕೆಂದುಕೊಂಡಳು, ಆಗಲಿಲ್ಲ. "ಎಷ್ಟು ದೃಶ್ಯ ಇರತ್ತೆ ಸ—"

ಹಿಂದಿನಿಂದ ಒಂದು ಕೈ ಬಂದು ಆಕೆಯ ರಟ್ಟೆ ಹಿಡಿಯಿತು.

"ಏಯ್! ಬಾಯಿ ಮುಚ್ಕೊಂಡು ನಡಿಯೇ ಮನೆಗೆ!"

ಅದು ಅಕ್ಕನ ದನಿ. ನಡುವೆ ಭಾವನಿಲ್ಲದೆ ನೇರವಾಗಿ ಬಂದದ್ದು. ದುರ್ಬೀನಮ್ಮ ಪೂರ್ತಿ ಬಾಯಿ ಮುಚ್ಚಿಕೊಂಡಳು. ಮೆಟ್ಟಿಲಿಳಿದು ಬೀದಿಗೆ ಬರುವ ತನಕವೂ ಅಕ್ಕ ಬೈಯುತ್ತಲೇ ಇದ್ದಳು, ಹನ್ನೊಂದು ತಿಂಗಳದ್ದನ್ನೆಲ್ಲ ಒಂದೇ ಉಸಿರಿನಲ್ಲಿ ತೀರಿಸುವವಳಂತೆ. ಹಿಡಿದ ಹಿಡಿತಕ್ಕೆ ರಟ್ಟೆ ನೋಯುತ್ತಿತ್ತು. ತಂಗಿ ಬಿಡು ಎನ್ನಲಿಲ್ಲ.